ಹಳೆಯ ಪ್ಲೈವುಡ್ ಹಾಯಿದೋಣಿ ಸೋರುತ್ತಿದೆಯೇ? ಎಪಾಕ್ಸಿ ಕಲಸುವ ಮುಂಚೆ ನೀರಿನ ದಾರಿ ಹುಡುಕಿ

ತೊಂದರೆ ಇಷ್ಟೇ. ನೀರಿಗೆ ಇಳಿಸುವಾಗ ದೋಣಿ ಒಣಗಿತ್ತು. ಒಂದು ಗಂಟೆ ಹಾಯಿ ಬಿಚ್ಚಿ ಓಡಾಡಿ ವಾಪಸ್ ಟ್ರಾಲಿಗೆ ಏರಿಸಿದರೆ ಒಳಗಿನಿಂದ ಗುಳುಗುಳು ಸದ್ದು. ಹಿಂಬದಿಯ ಬಿರಡೆ ಕಿತ್ತರೆ ಅರ್ಧ ಬಕೆಟ್ ನೀರು. ಬಹಳ ಜನ ಇಷ್ಟಕ್ಕೇ ದೋಣಿ ಮಗುಚಿ, ಕಣ್ಣಿಗೆ ಬಿದ್ದ ಬಿರುಕಿಗೆಲ್ಲ ಎಪಾಕ್ಸಿ (ಹಾರ್ಡನರ್ ಅನ್ನುವ ಗಟ್ಟಿ ಮಾಡುವ ದ್ರವ ಬೆರೆಸಿ ಬಳಸುವ ಅಂಟು) ಬಳಿದು, ಮೇಲೆ ಒಂದು ಕೋಟ್ ಬಣ್ಣ ಎಳೆಯುತ್ತಾರೆ. ಮುಂದಿನ ವಾರ ಮತ್ತೆ ಅದೇ ಅರ್ಧ ಬಕೆಟ್. ಮಧ್ಯೆ ಹೊಸ ಬಣ್ಣದ ಕೆಳಗೆ ಹಸಿ ಮರ ಸಿಕ್ಕಿಕೊಂಡಿರುತ್ತದೆ, ಅದು ಇನ್ನೂ ದೊಡ್ಡ ತಲೆನೋವು.

ಅರ್ಧ ಬಕೆಟ್ ನೀರಿಗೆ ದೊಡ್ಡ ಬಿರುಕು ಬೇಕಿಲ್ಲ ಅನ್ನುವುದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ನೀರಿನ ಮಟ್ಟದಿಂದ 10 ಸೆಂ.ಮೀ ಕೆಳಗೆ 1 ಮಿ.ಮೀ ತೂತು ಇದ್ದರೆ ಗಂಟೆಗೆ ಸುಮಾರು 2 ಲೀಟರ್ ಒಳಗೆ ಬರುತ್ತದೆ. ತೂತು 2 ಮಿ.ಮೀ ಆದರೆ 9 ಲೀಟರ್ ದಾಟುತ್ತದೆ. ಒಂದು ಸ್ಕ್ರೂ ಬಿದ್ದುಹೋದ 3 ಮಿ.ಮೀ ತೂತು 20 ಲೀಟರ್ ತರಬಲ್ಲದು. ಅಂದರೆ ನೀವು ಹುಡುಕುತ್ತಿರುವುದು ಬಹುಪಾಲು ಒಂದೇ ಒಂದು ಪುಟ್ಟ ತೂತು.

ಇಲ್ಲಿ ನಾನು ಮಿರರ್ ಡಿಂಗಿ ಅನ್ನುವ ಪುಟ್ಟ ಹಾಯಿದೋಣಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆಗೂ ಸಿಗುವ ಹಳೆಯ ದೋಣಿ ಅಂದರೆ ಇದೇ. 1963ರ ಜನವರಿಯಲ್ಲಿ ಲಂಡನ್ ಬೋಟ್ ಶೋನಲ್ಲಿ ಹೊರಬಂತು. ಡೈಲಿ ಮಿರರ್ ಪತ್ರಿಕೆಯ ಬೆಂಬಲ, ಅದಕ್ಕೇ ಆ ಹೆಸರು, ಆ ಕೆಂಪು ಹಾಯಿ. ಮಾಡಿದ್ದು ಇಬ್ಬರು: ದೋಣಿ ವಿನ್ಯಾಸಗಾರ ಜ್ಯಾಕ್ ಹೋಲ್ಟ್, ಮತ್ತು ಟೀವಿಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್. ಭಾರತದಲ್ಲಿ ಸೇನೆಯ ಸೈಲಿಂಗ್ ಕ್ಲಬ್‌ಗಳಲ್ಲಿ ಕಾಣುವ ಎಂಟರ್‌ಪ್ರೈಸ್ ದೋಣಿಯೂ ಹೋಲ್ಟ್ ಅವರದ್ದೇ. ಮಿರರ್ ಕಿಟ್‌ನ ಬೆಲೆ ಆಗ 63 ಪೌಂಡ್ 11 ಶಿಲಿಂಗ್. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗ್ಲಾಸ್ ಫೈಬರ್ ಪಟ್ಟಿ ಅಂಟಿಸಿದರೆ ದೋಣಿ ಸಿದ್ಧ. ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿಯುತ್ತಿದ್ದವರಿಗೆ ಇದು ಹೊಸದೇನೂ ಅನ್ನಿಸುತ್ತಿರಲಿಲ್ಲ. 70,000ಕ್ಕೂ ಜಾಸ್ತಿ ಮಿರರ್‌ಗಳು ಆಗಿವೆ, ಅದರಲ್ಲಿ ಎಷ್ಟೋ ಮನೆಯ ಗ್ಯಾರೇಜಿನಲ್ಲೇ ಆದವು. ಹಾಗಾಗಿ ಒಂದೊಂದು ದೋಣಿಯ ಕೈಕೆಲಸವೂ ಒಂದೊಂದು ಥರ. ಮುಂದೆ ಹೇಳುವ ಪರೀಕ್ಷೆಗಳು ಗಾಳಿ ತುಂಬಿದ ಟ್ಯಾಂಕ್ ಇರುವ ಯಾವುದೇ ಪ್ಲೈವುಡ್ ದೋಣಿಗೂ ನಡೆಯುತ್ತವೆ.

ಮಿರರ್‌ನಲ್ಲಿ ಬೇರೆ ಬೇರೆಯಾಗಿ ಮುಚ್ಚಿದ ನಾಲ್ಕು ಗಾಳಿ ಟ್ಯಾಂಕ್‌ಗಳಿವೆ: ಮುಂದೆ ಒಂದು, ಹಿಂದೆ ಒಂದು, ಅಕ್ಕಪಕ್ಕ ಎರಡು. ದೋಣಿ ಮಗುಚಿದರೆ ನಿಮ್ಮನ್ನು ತೇಲಿಸುವುದು ಇವೇ. ಟ್ಯಾಂಕ್‌ನೊಳಗೆ ನೀರು ಬರುತ್ತಿದೆ ಅಂತ ಗೊತ್ತಿದ್ದೂ ದಡದಿಂದ ದೂರ ಹೋಗಬೇಡಿ.

ಯಾವಾಗ ಬರುತ್ತದೆ, ಎಲ್ಲಿ ನಿಲ್ಲುತ್ತದೆ

ಉಪಕರಣ ಕೈಗೆತ್ತಿಕೊಳ್ಳುವ ಮುಂಚೆ ಒಂದು ಚೀಟಿ, ಒಂದು ಪೆನ್ಸಿಲ್. ನೀರು ಕೂರುವ ಜಾಗದಲ್ಲಿ ಬಂತೋ, ಟ್ಯಾಂಕ್‌ನಲ್ಲೋ? ಟ್ಯಾಂಕ್ ಆದರೆ ಯಾವುದು? ಪ್ರತಿ ಟ್ಯಾಂಕ್‌ನ ನೀರನ್ನು ಬೇರೆ ಬೇರೆ ಅಳೆದು ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ಸುರಿದುಬಿಟ್ಟರೆ ಇರುವ ಒಂದು ಸುಳಿವೂ ಹೋಯಿತು.

ಆಮೇಲೆ ದೋಣಿಯನ್ನು ದಡದ ಪಕ್ಕ ಸುಮ್ನೆ ತೇಲಲು ಬಿಡಿ. ಹಾಯಿ ಬೇಡ, ಜನ ಬೇಡ. ಅರ್ಧ ಗಂಟೆಯಲ್ಲಿ ನೀರು ಬಂದರೆ ತೂತು ತಳದಲ್ಲಿದೆ, ಯಾವಾಗಲೂ ನೀರಿನ ಕೆಳಗಿರುವ ಕಡೆ. ಬರಲಿಲ್ಲ ಅಂದರೆ ಇಬ್ಬರು ಹತ್ತಿ ಕುಳಿತುಕೊಳ್ಳಿ. ಈಗ ಬಂದರೆ ತೂತು ಸ್ವಲ್ಪ ಮೇಲಿದೆ, ಇಲ್ಲವೇ ಭಾರಕ್ಕೆ ಬಾಯಿ ಬಿಡುವ ಬಿರುಕು. ಆಗಲೂ ಇಲ್ಲ, ಓಡುವಾಗ ಮಾತ್ರ ಬರುತ್ತದೆ ಅಂದರೆ ಗಾಳಿ ಯಾವ ಕಡೆಯಿಂದ ಇತ್ತು ಅಂತ ನೆನಪಿಸಿಕೊಳ್ಳಿ. ದೋಣಿ ಎಡಕ್ಕೆ ವಾಲಿದಾಗ ಮಾತ್ರ ಎಡದ ಟ್ಯಾಂಕ್ ತುಂಬುತ್ತಿದ್ದರೆ ಎಡಬದಿಯ ಮೇಲಂಚು ನೋಡಬೇಕು, ಹೊರಗಿನ ಮರದ ಪಟ್ಟಿಯ ಸ್ಕ್ರೂ ಸಾಲು, ಡೆಕ್ ಮತ್ತು ಬದಿ ಸೇರುವ ಜಾಗ. ಮಗುಚಿದಾಗ ಮಾತ್ರ ನೀರು ಹೊಕ್ಕರೆ ಟ್ಯಾಂಕ್‌ನ ಮುಚ್ಚಳಗಳ ಮೇಲೆ ಅನುಮಾನ.

ದೋಣಿ ನೀರಿಗೇ ಇಳಿದಿಲ್ಲ, ಆದರೂ ಟ್ಯಾಂಕ್‌ನಲ್ಲಿ ನೀರು ಇದೆಯಾ? ಅದು ಮಳೆ, ಇಲ್ಲವೇ ಒಳಗೆ ಬೆವರಿದ್ದು. ಸಮುದ್ರದಲ್ಲಿ ಓಡಿಸುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ಆ ನೀರಿನ ನಾಲ್ಕು ಹನಿ ಕನ್ನಡಿ ಚೂರಿನ ಮೇಲೆ ಒಣಗಿಸಿ. ಬಿಳಿ ಉಪ್ಪು ಉಳಿಯಲಿಲ್ಲ ಅಂದರೆ ಅದು ಸಮುದ್ರದಿಂದ ಬಂದ ನೀರಲ್ಲ. ತಳ ಕೆರೆಯುವ ಕೆಲಸವೇ ತಪ್ಪಿತು, ಹೊದಿಕೆ ಸರಿ ಮಾಡಿಕೊಳ್ಳಿ.

ಇನ್ನೊಂದು ಮೋಸ ಇದೆ, ಇದನ್ನು ಅನುಭವಿಗಳೂ ಮರೆಯುತ್ತಾರೆ. ಬಿಸಿಲಿನಲ್ಲಿ ನಿಂತ ದೋಣಿಯ ಟ್ಯಾಂಕ್‌ನೊಳಗಿನ ಗಾಳಿ 45 ಡಿಗ್ರಿಗೆ ಕಾದಿರುತ್ತದೆ ಅಂದುಕೊಳ್ಳಿ. ಬಿರಡೆ ಬಿಗಿದು 20 ಡಿಗ್ರಿಯ ನೀರಿಗೆ ಇಳಿಸಿದಿರಿ. ತಣ್ಣಗಾಗುತ್ತಾ ಆ ಗಾಳಿ ಸುಮಾರು ಶೇ 8ರಷ್ಟು ಕುಗ್ಗುತ್ತದೆ. ಹಲಗೆ ಸ್ವಲ್ಪ ಒಳಕ್ಕೆ ಬಾಗಿ ಒಂದಿಷ್ಟು ಸರಿಹೋಗುತ್ತದೆ, ಉಳಿದದ್ದಕ್ಕೆ ಟ್ಯಾಂಕ್ ಇರುವ ಸಣ್ಣ ತೂತಿನಿಂದಲೇ ಹೀರುತ್ತದೆ. ಬರೀ ತೇಲುತ್ತಿದ್ದರೆ ಜಿನುಗಿಯೂ ಜಿನುಗದಂಥ ಕೂದಲೆಳೆ ಬಿರುಕಿನಿಂದ ಆಗ ಒಂದೆರಡು ಲೋಟ ನೀರು ಒಳಗೆ ಬರುತ್ತದೆ. ಇಳಿಸಿದ ಮೊದಲ ಹತ್ತು ನಿಮಿಷದಲ್ಲಿ ಸ್ವಲ್ಪ ನೀರು ಬಂದು ಆಮೇಲೆ ಎಷ್ಟು ಹೊತ್ತಾದರೂ ಹೆಚ್ಚಾಗಲಿಲ್ಲ ಅಂದರೆ ಇದೇ ಕಾರಣ. ಬಿರಡೆ ತೆರೆದಿಟ್ಟು ಟ್ಯಾಂಕ್ ತಣ್ಣಗಾದ ಮೇಲೆ ಬಿಗಿದು ಇಳಿಸಿ ನೋಡಿ, ಗೊತ್ತಾಗುತ್ತದೆ.

ತೂಕವನ್ನೂ ಒಮ್ಮೆ ನೋಡಿ. ಮಿರರ್‌ನ ಬರೀ ಒಡಲು ಸುಮಾರು 45 ಕಿಲೋ. ಮನೆಯಲ್ಲಿ ಮೈತೂಕ ನೋಡುವ ಎರಡು ಯಂತ್ರ ಮುಂದೆ ಹಿಂದೆ ಇಟ್ಟರೆ ಸಾಕು. ಹತ್ತು ಹದಿನೈದು ಕಿಲೋ ಜಾಸ್ತಿ ತೋರಿಸಿದರೆ ಮೊದಲು ಬಣ್ಣದ ಪದರಗಳನ್ನು ನೋಡಿ, ಹಳೆಯ ದೋಣಿಗಳ ಮೇಲೆ ಅದೂ ಕಿಲೋಗಟ್ಟಲೆ ಇರುತ್ತದೆ. ಬಣ್ಣ ತೆಳ್ಳಗಿದ್ದೂ ಭಾರ ಅಂದರೆ ಮರ ನೀರು ಕುಡಿದಿದೆ.

ಗಾಳಿ ಪರೀಕ್ಷೆ

ಟ್ಯಾಂಕ್ ಸೋರಿಕೆಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬೇಕಾದದ್ದು ಗಾರೆಯವರು ಮಟ್ಟ ನೋಡಲು ಇಟ್ಟುಕೊಳ್ಳುವಂಥ ಪಾರದರ್ಶಕ ಪೈಪು, ಬಿರಡೆಯ ತೂತಿಗೆ ಕೂರುವ ರಬ್ಬರ್ ಕಾರ್ಕ್, ಪಾತ್ರೆ ತೊಳೆಯುವ ಸೋಪಿನ ನೀರು, ಒಂದು ಬ್ರಷ್. ಕಾರ್ಕಿನಲ್ಲಿ ಎರಡು ತೂತು ಕೊರೆಯಿರಿ. ಒಂದಕ್ಕೆ ಊದುವ ಪೈಪು. ಇನ್ನೊಂದಕ್ಕೆ ಪಾರದರ್ಶಕ ಪೈಪು ಸೇರಿಸಿ, ಅದನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿಸಿ. ಬಾಯಿಂದ ಮೆಲ್ಲಗೆ ಊದಿ. ಎರಡು ಕಾಲುಗಳ ನೀರಿನ ಮಟ್ಟದಲ್ಲಿ 5 ಸೆಂ.ಮೀ ವ್ಯತ್ಯಾಸ ಬಂದರೆ ಸಾಕು, ಊದುವ ಪೈಪು ಮಡಚಿ ಹಿಡಿಯಿರಿ.

5 ಸೆಂ.ಮೀ ತೀರಾ ಕಡಿಮೆ ಅನ್ನಿಸಬಹುದು. ಲೆಕ್ಕ ಹಾಕಿ: ಅಷ್ಟೇ ಒತ್ತಡ ಒಂದು ಚದರ ಮೀಟರ್ ಹಲಗೆಯ ಮೇಲೆ 50 ಕಿಲೋ ಭಾರ. ಮಿರರ್‌ನ ಹಲಗೆ ಸುಮಾರು 5 ಮಿ.ಮೀ ದಪ್ಪ. ಕಂಪ್ರೆಸರ್ ಹಚ್ಚಿದರೆ ಟ್ಯಾಂಕ್‌ನ ಜೋಡಣೆ ಸೀಳಿ ಎದ್ದುಬರುತ್ತದೆ, ಆಗ ಇಲ್ಲದ ಸೋರಿಕೆಯನ್ನೂ ನೀವೇ ತಂದುಕೊಂಡ ಹಾಗೆ. ಸೈಕಲ್ ಪಂಪ್ ಕೂಡ ಬೇಡ, ಬಾಯಿ ಸಾಕು.

ಈಗ ನೀರಿನ ಮಟ್ಟ ನೋಡುತ್ತಿರಿ. ಕಣ್ಣೆದುರೇ ಸಮವಾದರೆ ತೂತು ದೊಡ್ಡದು, ಹೆಚ್ಚಾಗಿ ಮುಚ್ಚಳದ್ದೇ. ಕೆಲವು ಸೆಕೆಂಡುಗಳಲ್ಲಿ ಇಳಿದರೆ ಸ್ಕ್ರೂ ತೂತು ಅಥವಾ ಹೊಲಿಗೆ. ಅರ್ಧ ನಿಮಿಷದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಆ ಟ್ಯಾಂಕ್ ಬಿಟ್ಟು ಮುಂದಿನದಕ್ಕೆ ಹೋಗಿ. ಇದನ್ನು ನೆರಳಿನಲ್ಲೇ ಮಾಡಬೇಕು. ಒಳಗಿನ ಗಾಳಿ ಒಂದೇ ಡಿಗ್ರಿ ಬಿಸಿಯಾದರೂ ಮಟ್ಟ ಮೂರು ಸೆಂ.ಮೀ ಗಿಂತ ಜಾಸ್ತಿ ಏರಬಹುದು. ಮೋಡದ ಮರೆಯಿಂದ ಬಿಸಿಲು ಇಣುಕಿದರೆ ಸೋರುವ ಟ್ಯಾಂಕ್ ಕೂಡ ಗಟ್ಟಿ ಅಂತ ತೋರಿಸುತ್ತದೆ.

ಒತ್ತಡ ಹಿಡಿದುಕೊಂಡೇ ಜೋಡಣೆಗಳ ಮೇಲೆ ಸೋಪಿನ ನೀರು ಬಳಿಯುತ್ತಾ ಹೋಗಿ. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಯ ಪಕ್ಕ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪೂರ್ತಿ ಸುತ್ತಿ.

ಒತ್ತಡ ಇಳಿಯುತ್ತಿದೆ, ಹೊರಗೆಲ್ಲೂ ಗುಳ್ಳೆ ಇಲ್ಲ ಅಂದರೆ? ಗಾಳಿ ಪಕ್ಕದ ಟ್ಯಾಂಕ್‌ಗೆ ಹೋಗುತ್ತಿದೆ. ಪೈಪನ್ನು ಆ ಟ್ಯಾಂಕ್‌ಗೆ ಜೋಡಿಸಿ, ಈ ಟ್ಯಾಂಕ್‌ಗೆ ಊದಿ. ಅಲ್ಲಿ ಮಟ್ಟ ಅಲುಗಿದರೆ ನಡುವಿನ ಗೋಡೆಯ ಅಂಟು ಬಿಟ್ಟಿದೆ. ಹಿಂದಿನ ಟ್ಯಾಂಕ್‌ನಲ್ಲಿ ನೀರು ಸಿಗುತ್ತಿದ್ದು, ಅದರ ಹೊರಮೈ ಎಲ್ಲ ಚೆನ್ನಾಗಿಯೇ ಇರುವ ದೋಣಿಗಳ ಕಥೆ ಹೆಚ್ಚಾಗಿ ಇದು. ನೀರು ಪಕ್ಕದ ಟ್ಯಾಂಕ್‌ಗೆ ಹೊಕ್ಕು, ಟ್ರಾಲಿಗೆ ಏರಿಸುವಾಗ ಹಿಂದಕ್ಕೆ ಹರಿದು, ಗೋಡೆ ದಾಟಿ ಅಲ್ಲಿ ನಿಂತಿರುತ್ತದೆ.

ಪೈಪಿನ ರಗಳೆ ಬೇಡ ಅನ್ನುವವರಿಗೆ ರಾತ್ರಿಯ ಉಪಾಯ ಇದೆ. ಟ್ಯಾಂಕ್‌ನೊಳಗೆ ಪ್ರಖರ ಎಲ್‌ಇಡಿ ದೀಪ ಇಟ್ಟು, ಗ್ಯಾರೇಜ್ ಕತ್ತಲು ಮಾಡಿ ಸುತ್ತ ನೋಡಿ. ನೇರ ತೂತು ಇದ್ದರೆ ಬೆಳಕು ಕಾಣುತ್ತದೆ. ಓರೆಯಾದ ಬಿರುಕು ಇದರಲ್ಲಿ ಸಿಗುವುದಿಲ್ಲ.

ಕೂರುವ ಜಾಗದಲ್ಲಿ ನೀರು ಬಂದರೆ

ಇಲ್ಲಿ ಗಾಳಿ ನಡೆಯದು, ನೀರೇ ಬೇಕು. ದೋಣಿಯನ್ನು ಟ್ರಾಲಿ ಮೇಲೆ ಚೆನ್ನಾಗಿ ಆನಿಸಿ, ಹೊರಮೈ ಒರೆಸಿ ಒಣಗಿಸಿ, ಕೆಳಗಿನ ಹೊಲಿಗೆ ಸಾಲಿಗೆಲ್ಲ ಸೀಮೆಸುಣ್ಣದ ಪುಡಿ ಉಜ್ಜಿ. ಒಳಗೆ ಒಂದು ಬಕೆಟ್ ನೀರು, ಒಂದು ಚಮಚ ಅಡುಗೆ ಬಣ್ಣ. ದೋಣಿಯನ್ನು ವಾಲಿಸುತ್ತಾ ಒಂದೊಂದು ಮೂಲೆಗೂ ನೀರು ನಿಲ್ಲಿಸಿ ಕಾಯಿರಿ. ಜಿನುಗಿದ ಕಡೆ ಸುಣ್ಣದ ಪುಡಿ ಕಪ್ಪಾಗುತ್ತದೆ. ದೋಣಿ ಪೂರ್ತಿ ತುಂಬಿಸುವ ಆಸೆ ಬೇಡ. ಒಂದು ಲೀಟರ್ ಒಂದು ಕಿಲೋ, ನೂರು ಲೀಟರ್ ನೀರು ಎರಡೇ ಆಧಾರಗಳ ಮೇಲೆ ನಿಂತ ತೆಳು ತಳವನ್ನು ಸೀಳಿಬಿಡಬಹುದು.

ಡ್ಯಾಗರ್‌ಬೋರ್ಡ್ ಪೆಟ್ಟಿಗೆಗೆ ಬೇರೆಯೇ ಪರೀಕ್ಷೆ. ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆಯೇ ಡ್ಯಾಗರ್‌ಬೋರ್ಡ್, ಅದು ಹೋಗುವ ಪೆಟ್ಟಿಗೆ ತಳದ ನಡುವೆ ಕೊರೆದ ದೊಡ್ಡ ಕಿಂಡಿ, ಅದರ ಬುಡದ ಜೋಡಣೆ ಸದಾ ನೀರಿನಲ್ಲಿರುತ್ತದೆ. ದೋಣಿ ಕೆಳಗಿನಿಂದ ಕಿಂಡಿಗೆ ಗಟ್ಟಿ ಟೇಪ್ ಅಂಟಿಸಿ, ಮೇಲಿನಿಂದ ಪೆಟ್ಟಿಗೆಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ. ಟೇಪ್ ಒಣಗಿದ್ದೂ ಮಟ್ಟ ಇಳಿದರೆ ಪೆಟ್ಟಿಗೆಯೇ ಸೋರುತ್ತಿದೆ. ಬುಡದ ಸುತ್ತ ಟಿಶ್ಯೂ ಕಾಗದ ಒತ್ತಿ ನೋಡಿ, ಎಲ್ಲಿ ಹಸಿಯಾಗುತ್ತದೋ ಅಲ್ಲಿ. ಪೆಟ್ಟಿಗೆಯ ತಲೆ ಹಿಡಿದು ಅಕ್ಕಪಕ್ಕ ಅಲ್ಲಾಡಿಸುವುದನ್ನೂ ಮರೆಯಬೇಡಿ. ಅಡ್ಡ ಹಲಗೆ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದಿರಬೇಕು. ಆ ಜೋಡಣೆ ಸಡಿಲವಾಗಿದ್ದರೆ ಪ್ರತಿ ಗಾಳಿಗೂ ಪೆಟ್ಟಿಗೆ ಓಲಾಡಿ ಬುಡದ ಅಂಟನ್ನು ಕೀಳುತ್ತಿರುತ್ತದೆ. ಬುಡಕ್ಕೆ ಎಷ್ಟು ಎಪಾಕ್ಸಿ ಹಾಕಿದರೂ ಒಂದೇ ಋತು ಬರುತ್ತದೆ. ಮೊದಲು ಮೇಲಿನ ಜೋಡಣೆ, ಆಮೇಲೆ ಬುಡ.

ಎಲ್ಲಿ ಮೊದಲು ನೋಡಬೇಕು

ಅಗ್ಗದ್ದನ್ನು ಮೊದಲು ನೋಡಿ. ಬಿರಡೆಯ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿರುತ್ತದೆ, ಬದಲಾಯಿಸಲು ಚಿಲ್ಲರೆ ದುಡ್ಡು ಸಾಕು. ಬಿರಡೆ ಕೂರುವ ಪ್ಲಾಸ್ಟಿಕ್ ಬಳೆ ಮರಕ್ಕೆ ಅಂಟಿರುವ ಜಾಗವನ್ನು ಯಾರೂ ನೋಡುವುದಿಲ್ಲ, ಸೋರುವುದು ಅಲ್ಲೇ. ಅದಾದ ಮೇಲೆ ಚುಕ್ಕಾಣಿಯ ಕೊಂಡಿಗಳು. ಅವುಗಳ ಸ್ಕ್ರೂಗಳು ಹಿಂಬದಿ ಹಲಗೆ ದಾಟಿ ನೇರ ಹಿಂದಿನ ಟ್ಯಾಂಕ್‌ಗೆ ಹೋಗಿರುತ್ತವೆ, ಪ್ರತಿ ತಿರುವಿಗೂ ಅವಕ್ಕೆ ಎಳೆತ. ತಳದಲ್ಲಿ ಉದ್ದಕ್ಕೆ ಹಾಕಿದ ಮರದ ಪಟ್ಟಿಗಳ ಸ್ಕ್ರೂಗಳೂ ಹೀಗೇ, ಕಲ್ಲಿನ ದಡಕ್ಕೆ ಎಳೆದೆಳೆದು ಪಟ್ಟಿ ಸವೆದಿದ್ದರೆ ಖಂಡಿತ ನೋಡಿ. ಮಿರರ್‌ನ ಮುಂಭಾಗ ಚೂಪಿಲ್ಲ, ಚಪ್ಪಟೆ ಹಲಗೆ. ಕಟ್ಟೆಗೆ ಗುದ್ದುವುದು ಅದೇ, ಅದರ ಕೆಳ ಮೂಲೆಗಳು ಬಿಟ್ಟಿರುತ್ತವೆ.

ಹೊಲಿಗೆ ಸಾಲಿನಲ್ಲಿ ಗ್ಲಾಸ್ ಪಟ್ಟಿ ಎದ್ದಿದೆಯೇ ಅಂತ ನೋಡಲು ನಾಣ್ಯದಿಂದ ತಟ್ಟುತ್ತಾ ಹೋಗಿ. ಅಂಟಿದ ಕಡೆ ಠಕ್ ಅನ್ನುತ್ತದೆ, ಬಿಟ್ಟ ಕಡೆ ಸದ್ದು ಟೊಳ್ಳು. ಬಣ್ಣದ ಮೇಲೆ ಸಾಲಾಗಿ ಹಸಿರು ಚುಕ್ಕೆ ಕಂಡರೆ ಒಳಗಿನ ತಾಮ್ರದ ತಂತಿಗೆ ನೀರು ಮುಟ್ಟಿ ಕಿಲುಬು ಹತ್ತಿದೆ ಅಂತ ಅರ್ಥ. ಹಳೆಯ ಕಿಟ್‌ಗಳಲ್ಲಿ ಪಟ್ಟಿಗೆ ಬಳಸಿದ್ದು ಪಾಲಿಯೆಸ್ಟರ್ ರಾಳ. ಮರಕ್ಕೆ ಅದರ ಹಿಡಿತ ಎಪಾಕ್ಸಿಯಷ್ಟಿಲ್ಲ. ಒಂದು ತುದಿಯಲ್ಲಿ ನೀರು ಹೊಕ್ಕರೆ ಪಟ್ಟಿಯ ಕೆಳಗೇ ಉದ್ದಕ್ಕೆ ಹರಿದು ಎಲ್ಲೋ ದೂರದಲ್ಲಿ ಒಳಬರುತ್ತದೆ. ಹಾಗಾಗಿ ಒಳಗೆ ಹನಿ ಕಂಡ ಜಾಗಕ್ಕೂ ಹೊರಗಿನ ತೂತಿಗೂ ಒಂದು ಮೊಳ ಅಂತರ ಇದ್ದರೆ ಆಶ್ಚರ್ಯ ಬೇಡ.

ಮರ ಕೊಳೆತಿದೆಯಾ?

ದಬ್ಬಣ ತೆಗೆದುಕೊಂಡು ಚುಚ್ಚಿ. ಒಳ್ಳೆಯ ಮರ ಎದುರು ನಿಲ್ಲುತ್ತದೆ, ಕೊಳೆತದ್ದು ಸುಮ್ಮನೆ ಒಳಕ್ಕೆ ಬಿಡುತ್ತದೆ. ನೀರು ನಿಲ್ಲುವ ಮೂಲೆಗಳು, ಕೂವೆಮರದ ಬುಡ, ಮುಂದಿನ ಡೆಕ್‌ನ ಕೆಳಭಾಗ, ಡ್ಯಾಗರ್‌ಬೋರ್ಡ್ ಪೆಟ್ಟಿಗೆಯ ತುದಿಗಳು ಮುಖ್ಯ. ಕಪ್ಪು ಕಲೆ ಇದ್ದ ಮಾತ್ರಕ್ಕೆ ಕೊಳೆತ ಅಲ್ಲ, ಚುಚ್ಚಿಯೇ ತೀರ್ಮಾನಿಸಿ. ವಿಚಿತ್ರ ಅನ್ನಿಸಬಹುದು, ಪ್ಲೈವುಡ್ ದೋಣಿಯನ್ನು ಕೊಲ್ಲುವುದು ಸಮುದ್ರಕ್ಕಿಂತ ಮಳೆ. ಉಪ್ಪು ಬೂಷ್ಟನ್ನು ತಡೆಯುತ್ತದೆ, ಸಿಹಿನೀರು ಬೆಳೆಸುತ್ತದೆ. ಮರದ ತೇವ ಶೇ 20ರ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಎಪಾಕ್ಸಿ ಹಚ್ಚಲು ಶೇ 12ರ ಆಸುಪಾಸಿಗೆ ಇಳಿಯಬೇಕು. ತೇವ ಅಳೆಯುವ ಚಿಕ್ಕ ಮೀಟರ್ ಕೊಂಡರೆ ದುಡ್ಡು ದಂಡ ಆಗುವುದಿಲ್ಲ.

ಒಣಗಿಸುವುದಕ್ಕೆ ಅಡ್ಡದಾರಿ ಇಲ್ಲ. ಮುಚ್ಚಳ, ಬಿರಡೆ ಎಲ್ಲ ತೆರೆದು, ಸೂರಿನಡಿ ಇಟ್ಟು, ಫ್ಯಾನ್ ಹಾಕಿ ವಾರಗಟ್ಟಲೆ ಬಿಡಿ. ಹೀಟರ್ ಹತ್ತಿರ ತಂದರೆ ಮೇಲ್ಪದರ ಸೀಳುತ್ತದೆ.

ಸಿಕ್ಕಿದ ಮೇಲೆ

ಸ್ಕ್ರೂ ತೂತಾದರೆ ಸ್ಕ್ರೂ ತೆಗೆದು, ತೂತನ್ನು ದೊಡ್ಡದಾಗಿ ಕೊರೆದು, ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆಯಿರಿ. ಆಗ ಸ್ಕ್ರೂಗೆ ಮರ ತಾಗುವುದೇ ಇಲ್ಲ. ಮುಂದೆ ಬಿಚ್ಚಬೇಕಾದ ಬಿಡಿಭಾಗಗಳ ಕೆಳಗೆ ಪಾಲಿಸಲ್ಫೈಡ್ ಸೀಲಂಟ್ ಒಳ್ಳೆಯದು, ಪಾಲಿಯುರೆಥೇನ್ ಹಾಕಿದರೆ ಬಿಚ್ಚುವಾಗ ಮರವೂ ಜೊತೆಗೆ ಬರುತ್ತದೆ. ಸಿಲಿಕೋನ್ ಬೇಡವೇ ಬೇಡ. ಅದು ಸೋಂಕಿದ ಜಾಗದಲ್ಲಿ ಮತ್ತೆ ಬಣ್ಣ ನಿಲ್ಲುವುದಿಲ್ಲ.

ಎದ್ದ ಪಟ್ಟಿಯನ್ನು ಹೀಟ್ ಗನ್‌ನಿಂದ ಬಿಸಿ ಮಾಡಿ, ಗಟ್ಟಿ ಹಿಡಿತ ಸಿಗುವವರೆಗೂ ಸುಲಿದು ಹಾಕಿ. ಉಳಿದ ಹಳೆಯ ಪಾಲಿಯೆಸ್ಟರ್‌ನ ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ಚೆನ್ನಾಗಿ ಉಜ್ಜಿದರೆ ಮೇಲೆ ಎಪಾಕ್ಸಿ ಹಿಡಿಯುತ್ತದೆ. ತಿರುಗಿಸಿ ಮಾಡಬೇಡಿ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಎಪಾಕ್ಸಿ ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಸುರಿಯುವವರಿದ್ದಾರೆ. ಅಳತೆ ತಪ್ಪಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಂಡರೆ ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಿರಿ. ಕೈಗವಸು, ಧೂಳಿಗೆ ಮಾಸ್ಕ್ ಇಲ್ಲದೆ ಈ ಕೆಲಸ ಬೇಡ. ಎಪಾಕ್ಸಿಗೆ ಒಮ್ಮೆ ಚರ್ಮದ ಅಲರ್ಜಿ ಬಂದರೆ ಹೋಗುವುದು ಕಷ್ಟ.

ಕೊಳೆತ ಭಾಗ ಕತ್ತರಿಸಿ ಹೊಸ ತುಂಡು ಹಾಕುವುದಾದರೆ ಎರಡೂ ಅಂಚನ್ನು ಓರೆಯಾಗಿ ಕೆತ್ತಿ ಸೇರಿಸಿ. ದಪ್ಪದ ಎಂಟು ಪಟ್ಟು ಓರೆ ಬೇಕು, 5 ಮಿ.ಮೀ ಪ್ಲೈಗೆ 40 ಮಿ.ಮೀ. ಪ್ಲೈವುಡ್ ಇಂಗ್ಲೆಂಡಿನಲ್ಲಿ ಬಿಎಸ್ 1088, ಭಾರತದಲ್ಲಿ ಐಎಸ್ 710 ಗುರುತಿನದು ಕೇಳಿ, ಎರಡೂ ದೋಣಿಗೆ ಆಗುವ ಮರೀನ್ ಪ್ಲೈವುಡ್‌ನ ಮಾನದಂಡ. ಗುರುತಿನ ಮೇಲೆ ನಂಬಿಕೆ ಇಲ್ಲ ಅಂದರೆ ಅಂಗೈಯಗಲದ ಚೂರನ್ನು ಹಳೆಯ ಪಾತ್ರೆಯಲ್ಲಿ ಕೆಲವು ಗಂಟೆ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಪದರ ಬಿಟ್ಟರೆ ಆ ಹಲಗೆ ಅಲಮಾರಿಗಷ್ಟೇ ಲಾಯಕ್ಕು, ಅಲ್ವಾ?

ಬಣ್ಣ ಹಚ್ಚುವ ಮುಂಚೆಯೇ ಗಾಳಿ ಪರೀಕ್ಷೆ ಇನ್ನೊಮ್ಮೆ ಮಾಡಿ, ಮೊದಲಿನ ಪೆನ್ಸಿಲ್ ಗುರುತುಗಳ ಮೇಲೇ ಸೋಪು ಬಳಿದು ನೋಡಿ. ಬಣ್ಣ ಸಣ್ಣ ತೂತನ್ನು ಕೆಲವು ದಿನ ಮುಚ್ಚಿಟ್ಟು ಸುಳ್ಳು ಹೇಳುತ್ತದೆ. ಅದು ಮುಗಿದ ಮೇಲೆ ಸೊಂಟದಾಳದ ನೀರಿನಲ್ಲಿ, ಜೊತೆಗೊಬ್ಬರು ಇರುವಾಗ, ಲೈಫ್ ಜಾಕೆಟ್ ಹಾಕಿಕೊಂಡು ದೋಣಿಯನ್ನು ಎರಡೂ ಬದಿಗೆ ಮಗುಚಿ ಐದೈದು ನಿಮಿಷ ಹಿಡಿದಿಡಿ. ದಡಕ್ಕೆ ತಂದು ನಾಲ್ಕೂ ಟ್ಯಾಂಕ್‌ನ ನೀರನ್ನು ಬೇರೆ ಬೇರೆ ಅಳೆಯಿರಿ. ಒಂದು ಲೋಟದಷ್ಟು ಬಂದರೆ ಆ ಋತುವಿಗೆ ನಾನು ಹಾಗೇ ಬಿಡುತ್ತೇನೆ. ಒಂದು ಲೀಟರ್ ಬಂದರೆ ಮತ್ತೆ ಪೈಪು, ಸೋಪು.